ಬಿಳಿ ರಕ್ತಕಣಗಳು ಮತ್ತು ದೀರ್ಘಕಾಲದ ಪರೋಪಜೀವಿ ಸೋಂಕು: ಆನೆಕಾಲು ರೋಗವನ್ನು ಆಧರಿಸಿದ ಒಂದು ವಿವೇಚನೆ

ಪುಣೆಯ ಸದಾಶಿವ ಪೇಠೆ ಪೇಶ್ವೆಯರ ಕಾಲದ ಬಡಾವಣೆ. ಪಾಣಿಪತದ ರಣಭೂಮಿಯಲ್ಲಿ 1761ರಲ್ಲಿ ಮಡಿದ ಸದಾಶಿವರಾವ್ ಭಾವೂನ ಹೆಸರನ್ನು ಅದು ಹೊತ್ತಿದೆ. ಭಾರತ ಇತಿಹಾಸ ಸಂಶೋಧಕ ಮಂಡಳದಂತಹ ವಿದ್ಯಾಸಂಸ್ಥೆಗಳಿಂದಾಗಿ ವಿದ್ವತ್ತಿನ ನೆಲೆಯೆಂದು ಹೆಸರಾದ ಈ ಪೇಠೆಯು ಈಚಿನ ದಶಕಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ತರುಣರ ಊರಾಗಿಯೂ ಮಾರ್ಪಟ್ಟಿದೆ. ಸಣ್ಣ ಕೊಠಡಿಗಳಲ್ಲಿ ನಾಲ್ಕಾರು ಮಂದಿ ಒಟ್ಟಾಗಿ ಉಳಿದು, ಖಾನಾವಳಿಗಳಲ್ಲಿ ಉಂಡು, ಅಭ್ಯಾಸಿಕೆಗಳಲ್ಲಿ ತಡರಾತ್ರಿಯವರೆಗೆ ಓದುವ ಯುವಕರ ಬದುಕು ಅಲ್ಲಿಯ ಗಲ್ಲಿಗಳಲ್ಲಿ ಕಣ್ಣಿಗೆ ಬೀಳುತ್ತದೆ.

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಕಡೆಯಿಂದಲೋ ಕಲಬುರಗಿಯ ಕಡೆಯಿಂದಲೋ ಹೀಗೆ ಬಂದು ನೆಲೆಸಿದ ಒಬ್ಬ ಕನ್ನಡಿಗ ತರುಣನನ್ನು ಊಹಿಸಿಕೊಳ್ಳಬಹುದು. ಹಗಲು ಹೆಚ್ಚು ತೊಂದರೆಯಿಲ್ಲ. ನಡುರಾತ್ರಿ ಕಳೆದ ಮೇಲೆ ಒಣಕೆಮ್ಮು ಆರಂಭವಾಗಿ, ಎದೆಯಲ್ಲಿ ಸಿಳ್ಳಿನ ಸದ್ದು ಕೇಳಿ, ಬೆಳಗಿನ ಜಾವದವರೆಗೆ ನಿದ್ದೆ ಇರುವುದಿಲ್ಲ. ಮೈತೂಕ ಇಳಿಯುತ್ತದೆ, ಒಮ್ಮೊಮ್ಮೆ ಸಣ್ಣ ಜ್ವರ. ಕೊಠಡಿಯವರು ಕ್ಷಯವೆಂದು ಹೆದರುತ್ತಾರೆ. ಔಷಧಿ ಅಂಗಡಿಯವರು ಅಸ್ತಮವೆಂದು ಗುಳಿಗೆ ಕೊಡುತ್ತಾರೆ. ಕೊನೆಗೆ ರಕ್ತಪರೀಕ್ಷೆಯಾಗುತ್ತದೆ. ವರದಿಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಘನ ಮಿಲಿಮೀಟರಿಗೆ 14,000. ಅವುಗಳಲ್ಲಿ ಇಯೊಸಿನೋಫಿಲ್ ಪ್ರಮಾಣ ಶೇಕಡಾ 45.

ಈ ಎರಡು ಅಂಕೆಗಳನ್ನು ಓದುವುದು ಹೇಗೆ? ರಕ್ತದ ಒಂದು ಜಾತಿಯ ಕಣಗಳು ಹೀಗೆ ಮಿತಿಮೀರಿ ಹೆಚ್ಚಲು ಕಾರಣವೇನು? ದೇಹವನ್ನು ಕಾಯಬೇಕಾದ ಕಣಗಳೇ ದೇಹಕ್ಕೆ ಹಾನಿ ಮಾಡುವುದುಂಟೆ? ಇವು ಪ್ರಸ್ತುತ ಲೇಖನದ ಮುಖ್ಯ ಪ್ರಶ್ನೆಗಳು.

ಕಣಗಳು ಮತ್ತು ಅವುಗಳ ಹೆಸರುಗಳು

ಆರೋಗ್ಯವಂತ ವಯಸ್ಕರ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸುಮಾರು 4,000ದಿಂದ 11,000 ಬಿಳಿ ರಕ್ತಕಣಗಳಿರುತ್ತವೆ. ಅವುಗಳಲ್ಲಿ ಐದು ಮುಖ್ಯ ಬಗೆ: ನ್ಯೂಟ್ರೋಫಿಲ್, ಲಿಂಫೋಸೈಟ್, ಮೋನೋಸೈಟ್, ಇಯೊಸಿನೋಫಿಲ್ ಮತ್ತು ಬೇಸೋಫಿಲ್. ನ್ಯೂಟ್ರೋಫಿಲ್‌ಗಳದೇ ಬಹುಸಂಖ್ಯೆ. ಇಯೊಸಿನೋಫಿಲ್‌ಗಳು ಸಾಮಾನ್ಯವಾಗಿ ಶೇಕಡಾ 1ರಿಂದ 6ರಷ್ಟು ಮಾತ್ರ. ಎಣಿಕೆಯಲ್ಲಿ ಘನ ಮಿಲಿಮೀಟರಿಗೆ 500ನ್ನು ದಾಟುವುದಿಲ್ಲ. ಮೇಲೆ ಹೇಳಿದ ವರದಿಯಲ್ಲಿ ಅವುಗಳ ಸಂಖ್ಯೆ 6,300 ಆಗುತ್ತದೆ. ಅಂದರೆ ಮೇಲ್ಮಿತಿಯ ಹನ್ನೆರಡು ಪಟ್ಟಿಗಿಂತ ಅಧಿಕ.

ಹೆಸರುಗಳ ವಿಷಯವನ್ನು ಭಾಷಾಭ್ಯಾಸಿಗಳು ಗಮನಿಸುವುದು ಉಚಿತ. ಜರ್ಮನಿಯ ಪಾಲ್ ಎರ್ಲಿಷ್ 1879ರಲ್ಲಿ ರಕ್ತಲೇಪಕ್ಕೆ ಬಣ್ಣಗಳನ್ನು ಹಚ್ಚಿ ನೋಡಿದಾಗ ಕೆಲವು ಕಣಗಳ ಒಳಗಿನ ಹರಳುಗಳು 'ಇಯೊಸಿನ್' ಎಂಬ ಕೆಂಬಣ್ಣವನ್ನು ಗಾಢವಾಗಿ ಹೀರಿಕೊಂಡವು. ಆ ಬಣ್ಣಕ್ಕೆ ಹೆಸರು ಬಂದದ್ದು ಅರುಣೋದಯದ ದೇವತೆಯಾದ ಗ್ರೀಕರ 'ಇಯೋಸ್'ಳಿಂದ. ಈ ಗ್ರೀಕ್ ಪದವೂ ಸಂಸ್ಕೃತದ 'ಉಷಸ್' ಶಬ್ದವೂ ಒಂದೇ ಮೂಲದವು. ಹಾಗಾಗಿ 'ಇಯೊಸಿನೋಫಿಲ್' ಎಂದರೆ ಶಬ್ದಾರ್ಥದಲ್ಲಿ ಉಷೆಯ ಬಣ್ಣಕ್ಕೆ ಒಲಿದದ್ದು. ಆದರೆ ಈ ಹೆಸರು ಕಣದ ಬಣ್ಣವನ್ನು ಹೇಳುತ್ತದೆಯೇ ಹೊರತು ಕೆಲಸವನ್ನಲ್ಲ. ಕೆಲಸ ತಿಳಿಯಲು ಬಹುಕಾಲ ಬೇಕಾಯಿತು.

'ಉರಿಯೂತ' ಎಂಬ ಕನ್ನಡ ಪದದ ಸ್ಥಿತಿ ಇದಕ್ಕೆ ವ್ಯತಿರಿಕ್ತ. ಉರಿ ಮತ್ತು ಊತ ಸೇರಿ ಯಕಾರಾಗಮದಿಂದ ಆದ ಈ ಸಮಾಸ ತಾನೇ ಒಂದು ರೋಗಲಕ್ಷಣ ವರ್ಣನೆ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಉರಿಯೂತಕ್ಕೆ ಹೇಳಿದ ನಾಲ್ಕು ಲಕ್ಷಣಗಳು ಕೆಂಪು, ಊತ, ಕಾವು ಮತ್ತು ನೋವು. ಕನ್ನಡದ 'ಉರಿ' ಎಂಬ ಒಂದೇ ಮಾತಿನಲ್ಲಿ ಕಾವೂ ನೋವೂ ಅಡಗಿವೆ. 'ಊತ' ಪ್ರತ್ಯೇಕವಾಗಿಯೇ ಇದೆ. ಕೆಂಪೊಂದು ಮಾತ್ರ ಹೊರಗುಳಿಯಿತು. ಈ ಲಕ್ಷಣಗಳ ಹಿಂದೆ ನಡೆಯುವುದು ಬಿಳಿ ರಕ್ತಕಣಗಳ ಚಲನೆ. ಸಣ್ಣ ರಕ್ತನಾಳಗಳು ಹಿಗ್ಗಿ, ಅವುಗಳ ಗೋಡೆ ಸಡಿಲಗೊಂಡು, ದ್ರವವೂ ಕಣಗಳೂ ಅಂಗಾಂಶದೊಳಕ್ಕೆ ಇಳಿಯುತ್ತವೆ. ರಷ್ಯಾದ ಇಲ್ಯಾ ಮೆಚ್ನಿಕಾಫ್ 1882ರಲ್ಲಿ ನಕ್ಷತ್ರಮೀನಿನ ಮರಿಯ ಪಾರದರ್ಶಕ ಶರೀರದೊಳಗೆ ಮುಳ್ಳನ್ನು ಚುಚ್ಚಿ, ಅಲೆದಾಡುವ ಕಣಗಳು ಅದರ ಸುತ್ತ ನೆರೆಯುವುದನ್ನು ಕಂಡನು. ಕಣಗಳು ವೈರಿಯನ್ನು ನುಂಗಿ ಅರಗಿಸುತ್ತವೆಂಬ ಭಕ್ಷಕಕಣ ಸಿದ್ಧಾಂತ ಅಲ್ಲಿಂದ ಬೆಳೆಯಿತು. ಆತನಿಗೂ ಎರ್ಲಿಷ್‌ನಿಗೂ 1908ರ ನೊಬೆಲ್ ಪುರಸ್ಕಾರ ಜಂಟಿಯಾಗಿ ಸಂದಿತು.

ನುಂಗಲಾಗದ ವೈರಿ

ನುಂಗುವ ಉಪಾಯ ಸೂಕ್ಷ್ಮಾಣುಗಳಿಗೆ ಸಾಕು, ಹುಳುಗಳಿಗೆ ಸಾಲದು. ಆನೆಕಾಲು ರೋಗವನ್ನು ತರುವ ವುಚೆರೇರಿಯ ಬ್ಯಾಂಕ್ರಾಫ್ಟಿ ಎಂಬ ದಾರದಂಥ ಹುಳುವಿನ ಪ್ರೌಢ ಹೆಣ್ಣು 8ರಿಂದ 10 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ. ದುಗ್ಧರಸ ನಾಳಗಳಲ್ಲಿ ಗಂಡಿನೊಡನೆ ಹೆಣೆದುಕೊಂಡು ಅದು ಹಲವು ವರ್ಷ ಬದುಕುತ್ತದೆ. ಅದು ರಕ್ತಕ್ಕೆ ಬಿಡುವ ಮರಿಗಳಿಗೆ ಮೈಕ್ರೋಫೈಲೇರಿಯ ಎಂದು ಹೆಸರು. ಕಣ್ಣಿಗೆ ಕಾಣದ ಈ ಮರಿಯೂ ಒಂದು ಬಿಳಿ ರಕ್ತಕಣದ ಸುಮಾರು ಇಪ್ಪತ್ತು ಪಟ್ಟು ಉದ್ದವಿರುತ್ತದೆ. ಅದನ್ನು ಒಂದು ಕಣ ನುಂಗಲಾರದು.

ಮೈಕ್ರೋಫೈಲೇರಿಯಗಳನ್ನು ಮನುಷ್ಯರ ರಕ್ತದಲ್ಲಿ 1872ರಲ್ಲಿ ಗುರುತಿಸಿದವನು ಕಲ್ಕತ್ತೆಯಲ್ಲಿದ್ದ ಟಿಮೊತಿ ಲೂಯಿಸ್. ಸೊಳ್ಳೆಯ ಶರೀರದಲ್ಲಿ ಅವು ಬೆಳೆಯುವುದನ್ನು ಪ್ಯಾಟ್ರಿಕ್ ಮ್ಯಾನ್ಸನ್ 1877ರಲ್ಲಿ ಚೀನದ ಅಮೋಯಿಯಲ್ಲಿ ಕಂಡನು. ಈ ಮರಿಗಳು ಹಗಲಿನಲ್ಲಿ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ತಂಗಿ, ರಾತ್ರಿ ಸುಮಾರು 10ರಿಂದ 2 ಗಂಟೆಯ ನಡುವೆ ಹೊರ ರಕ್ತಪ್ರವಾಹಕ್ಕೆ ಬರುತ್ತವೆ. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತೂ ಅದೇ.

ಇಂಥ ವೈರಿಯನ್ನು ಎದುರಿಸಲು ದೇಹ ಬೇರೆ ಕ್ರಮವನ್ನು ಅನುಸರಿಸುತ್ತದೆ. ಹುಳುವಿನ ಅಂಶಗಳನ್ನು ಗುರುತಿಸಿದ ಲಿಂಫೋಸೈಟ್‌ಗಳಲ್ಲಿ ಸಹಾಯಕ ಟಿ-ಕಣಗಳ ಎರಡನೆಯ ವರ್ಗ ಕ್ರಿಯಾಶೀಲವಾಗುತ್ತದೆ. ಸಹಾಯಕ ಟಿ-ಕಣಗಳಲ್ಲಿ ಹೀಗೆ ಎರಡು ವರ್ಗಗಳಿವೆಯೆಂದು ಮೊಸ್ಮನ್ ಮತ್ತು ಕಾಫ್ಮನ್ 1986ರಲ್ಲಿ ಇಲಿಗಳ ಕಣಗಳನ್ನು ಆಧರಿಸಿ ತೋರಿಸಿದರು. ಎರಡನೆಯ ವರ್ಗದ ಕಣಗಳು ಇಂಟರ್‌ಲ್ಯೂಕಿನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಸ್ರವಿಸುತ್ತವೆ. ಅವುಗಳಲ್ಲಿ 4 ಮತ್ತು 13ನೆಯವು ಐಜಿಇ ಎಂಬ ಪ್ರತಿಕಾಯದ ಉತ್ಪಾದನೆಗೆ ಪ್ರೇರಕ. 5ನೆಯದು ಅಸ್ಥಿಮಜ್ಜೆಗೆ ಹೋಗಿ ಇಯೊಸಿನೋಫಿಲ್‌ಗಳ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಹೊಸ ಕಣಗಳು ರಕ್ತದಲ್ಲಿ ಕೆಲವು ಗಂಟೆಗಳಷ್ಟೇ ಇದ್ದು ಅಂಗಾಂಶಗಳಿಗೆ ಇಳಿಯುತ್ತವೆ. ಆದುದರಿಂದ ರಕ್ತಪರೀಕ್ಷೆಯಲ್ಲಿ ಕಾಣುವುದು ದಾರಿಯಲ್ಲಿರುವ ದಂಡು ಮಾತ್ರ. ಕಾಳಗ ನಡೆಯುವುದು ಬೇರೆಡೆ.

ಪ್ರತಿಕಾಯಗಳು ಅಂಟಿಕೊಂಡ ಮರಿಹುಳುವನ್ನು ಇಯೊಸಿನೋಫಿಲ್‌ಗಳು ಸುತ್ತುವರಿದು ತಮ್ಮ ಹರಳುಗಳನ್ನು ಅದರ ಮೈಮೇಲೆ ಸುರಿಯುತ್ತವೆ. ಹರಳುಗಳಲ್ಲಿ ಪ್ರಬಲ ಕ್ಷಾರೀಯ ಪ್ರೋಟೀನುಗಳೂ ಪೆರಾಕ್ಸಿಡೇಸ್ ಕಿಣ್ವವೂ ಇವೆ. ಹುಳುವಿನ ಹೊರಚರ್ಮವನ್ನು ಭೇದಿಸಬಲ್ಲ ಈ ವಸ್ತುಗಳಿಗೆ ಸ್ವಪರ ಭೇದ ತಿಳಿಯದು. ಹುಳುವಿನ ಪಕ್ಕದಲ್ಲಿರುವ ಶ್ವಾಸಕೋಶದ ಕಣವನ್ನೂ ಅವು ಅಷ್ಟೇ ಸುಲಭವಾಗಿ ಸುಡುತ್ತವೆ. ನುಂಗಿ ಅರಗಿಸುವ ಯುದ್ಧ ಕಣದ ಒಳಗೆ ನಡೆಯುತ್ತದೆ. ಸುರಿದು ಸುಡುವ ಯುದ್ಧ ದೇಹದ ಅಂಗಳದಲ್ಲಿ ನಡೆಯುತ್ತದೆ. ಹುಳುಬಾಧೆಯ ಉರಿಯೂತದ ವೈಶಿಷ್ಟ್ಯ ಇದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ಪರೋಪಜೀವಿ' ಎಂಬ ಒಂದೇ ಪದದಡಿ ಮಲೇರಿಯಾದ ಏಕಕೋಶ ಜೀವಿಯೂ ಬರುತ್ತದೆ, ಕೊಕ್ಕೆಹುಳುವೂ ಬರುತ್ತದೆ. ಆದರೆ ಇಯೊಸಿನೋಫಿಲ್ ಏರಿಕೆ ಮುಖ್ಯವಾಗಿ ಅಂಗಾಂಶಗಳಲ್ಲಿ ಸಂಚರಿಸುವ ಹುಳುಗಳ ಗುರುತು. ಮಲೇರಿಯಾ, ಆಮಶಂಕೆಯ ಅಮೀಬಾ ಮೊದಲಾದವುಗಳಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಇನ್ನೊಂದೆಡೆ ಒಗ್ಗದಿಕೆ, ಕೆಲವು ಔಷಧಗಳು, ರಕ್ತದ ಕೆಲವು ಅರ್ಬುದಗಳು ಸಹ ಅದನ್ನು ಏರಿಸುತ್ತವೆ. ಅಂಕೆ ಒಂದು ಸೂಚನೆಯೇ ಹೊರತು ತೀರ್ಪಲ್ಲ.

ಒಂದೇ ಹುಳು, ಮೂರು ಪರಿಣಾಮ

ಒಂದೇ ಊರಿನ, ಒಂದೇ ಸೊಳ್ಳೆಗಳಿಂದ ಕಚ್ಚಿಸಿಕೊಂಡ ಜನರಲ್ಲಿ ಆನೆಕಾಲು ರೋಗದ ಹುಳು ಮೂರು ಭಿನ್ನ ಪರಿಣಾಮಗಳನ್ನು ತರುತ್ತದೆ. ಈ ಭೇದಕ್ಕೆ ಮುಖ್ಯ ಕಾರಣ ಬಿಳಿ ರಕ್ತಕಣಗಳು ತೋರುವ ಪ್ರತಿಕ್ರಿಯೆಯ ಭೇದ.

ಮೊದಲನೆಯದು ಮೌನ ಸೋಂಕು. ರಕ್ತದಲ್ಲಿ ಮರಿಗಳು ತುಂಬಿದ್ದರೂ ವ್ಯಕ್ತಿಗೆ ಯಾವ ತೊಂದರೆಯೂ ತೋರುವುದಿಲ್ಲ. ಇಂಥವರಲ್ಲಿ ನಿಯಂತ್ರಕ ಟಿ-ಕಣಗಳು ಇಂಟರ್‌ಲ್ಯೂಕಿನ್-10 ಮೊದಲಾದ ಶಾಮಕ ಸಂದೇಶಗಳನ್ನು ಹೊರಡಿಸಿ ಉಳಿದ ಕಣಗಳನ್ನು ತಣ್ಣಗಿರಿಸುತ್ತವೆ. ಐಜಿಇ ಜಾಗದಲ್ಲಿ ಐಜಿಜಿ-4 ಎಂಬ ಪ್ರತಿಕಾಯ ಹೆಚ್ಚುತ್ತದೆ. ಅದು ಹುಳುವಿನ ಅಂಶಗಳಿಗೆ ಅಂಟಿಕೊಂಡರೂ ಉಗ್ರ ಪ್ರತಿಕ್ರಿಯೆಯನ್ನು ಎಬ್ಬಿಸುವುದಿಲ್ಲ. ಹುಳು ಮತ್ತು ಆಶ್ರಯದಾತನ ನಡುವೆ ಒಂದು ಬಗೆಯ ಕದನವಿರಾಮ ಏರ್ಪಡುತ್ತದೆ. ಆದರೆ ಈ ಶಾಂತಿಗೆ ಬೆಲೆಯುಂಟು. ಆ ವ್ಯಕ್ತಿ ಊರಿನ ಸೊಳ್ಳೆಗಳಿಗೆ ಸೋಂಕಿನ ಭಂಡಾರವಾಗುತ್ತಾನೆ. ದೀರ್ಘಕಾಲದ ಹುಳುಬಾಧೆ ಇರುವವರಲ್ಲಿ ಕೆಲವು ಲಸಿಕೆಗಳಿಗೆ ಮಂದ ಪ್ರತಿಕ್ರಿಯೆ ಕಂಡುಬಂದಿರುವುದೂ ಉಂಟು. ದೇಹದೊಳಗೂ ಎಲ್ಲವೂ ಸುಸ್ಥಿತಿಯಲ್ಲಿರುವುದಿಲ್ಲ. ಬ್ರೆಜಿಲಿನ ಸಂಶೋಧಕರು 1994ರಲ್ಲಿ ಶ್ರವಣಾತೀತ ಧ್ವನಿಚಿತ್ರಣದ ಮೂಲಕ, ಲಕ್ಷಣರಹಿತ ಪುರುಷರ ಹಿಗ್ಗಿದ ದುಗ್ಧನಾಳಗಳಲ್ಲಿ ಜೀವಂತ ಹುಳುಗಳು ಕುಣಿಯುವಂತೆ ಚಲಿಸುವುದನ್ನು ತೋರಿಸಿದರು.

ಎರಡನೆಯದು ಊತದ ರೋಗ. ಪ್ರೌಢ ಹುಳುಗಳು ಸತ್ತಾಗ ಅವುಗಳ ಸುತ್ತ ಉರಿಯೂತ ಏಳುತ್ತದೆ. ಹುಳುವಿನ ಶರೀರದೊಳಗೆ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯ ಸಹಜೀವಿಯಾಗಿ ನೆಲೆಸಿರುತ್ತದೆ. ಹುಳು ಸತ್ತು ಅದು ಹೊರಬಿದ್ದಾಗ ನ್ಯೂಟ್ರೋಫಿಲ್ ಮತ್ತು ಮ್ಯಾಕ್ರೋಫೇಜ್ ಕಣಗಳು ಕೆರಳುತ್ತವೆ. ಹಾನಿಗೊಂಡ ನಾಳಗಳಲ್ಲಿ ದುಗ್ಧರಸ ನಿಲ್ಲುತ್ತದೆ. ರಸ ನಿಂತ ಕಾಲಿನಲ್ಲಿ ಬೆರಳಸಂದಿಯ ಸಣ್ಣ ಬಿರುಕಿನಿಂದ ಹೊಕ್ಕ ಬ್ಯಾಕ್ಟೀರಿಯಗಳು ಮತ್ತೆಮತ್ತೆ ಜ್ವರ, ಉರಿ, ಊತಗಳನ್ನು ತರುತ್ತವೆ. ಪ್ರತಿ ಬಾರಿಯೂ ದುರಸ್ತಿಗೆ ಬಂದ ಕಣಗಳು ಸ್ವಲ್ಪ ನಾರಿನಂಶವನ್ನು ಉಳಿಸಿ ಹೋಗುತ್ತವೆ. ವರ್ಷಗಳು ಕಳೆದಂತೆ ಚರ್ಮ ದಪ್ಪಗಾಗಿ ಕಾಲು ಆನೆಯ ಕಾಲಿನಂತಾಗುತ್ತದೆ. 'ಆನೆಕಾಲು ರೋಗ' ಎಂಬ ಹೆಸರು ಸೂಚಿಸುವುದು ಈ ಕೊನೆಯ ಘಟ್ಟವನ್ನು ಮಾತ್ರ. ಅದರಿಂದಾಗಿ ಕಾಲು ಊದದವರಿಗೆ ರೋಗವಿಲ್ಲವೆಂಬ ತಪ್ಪು ತಿಳಿವಳಿಕೆಗೂ ಆ ಹೆಸರು ಎಡೆಮಾಡಿದೆ.

ಮೂರನೆಯದು ಸದಾಶಿವ ಪೇಠೆಯ ತರುಣನ ಉದಾಹರಣೆಯಲ್ಲಿ ಹೇಳಿದ ಶ್ವಾಸಕೋಶದ ರೋಗ: ಉಷ್ಣವಲಯದ ಶ್ವಾಸಕೋಶೀಯ ಇಯೊಸಿನೋಫಿಲಿಯ. ಸೋಂಕು ತಗುಲಿದವರಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಜನರಿಗೆ ಇದು ಬರುತ್ತದೆ; ಹೆಚ್ಚಿನವರು 15ರಿಂದ 40 ವರ್ಷದೊಳಗಿನ ಪುರುಷರು. ಇಲ್ಲಿ ಕದನವಿರಾಮವೇ ಇಲ್ಲ. ಮರಿಗಳು ಶ್ವಾಸಕೋಶದ ಸೂಕ್ಷ್ಮನಾಳಗಳನ್ನು ಸೇರುತ್ತಲೇ ಪ್ರತಿಕಾಯಗಳೂ ಇಯೊಸಿನೋಫಿಲ್‌ಗಳೂ ಮುತ್ತಿ ಅವುಗಳನ್ನು ನಾಶಮಾಡುತ್ತವೆ. ಆದ್ದರಿಂದ ರಾತ್ರಿ ರಕ್ತ ತೆಗೆದು ನೋಡಿದರೂ ಸಾಮಾನ್ಯವಾಗಿ ಮರಿಗಳು ಸಿಗುವುದಿಲ್ಲ. ಮೊದಲನೆಯವನ ರಕ್ತದಲ್ಲಿ ಹುಳು ತುಂಬಿದ್ದರೂ ರೋಗವಿಲ್ಲ. ಮೂರನೆಯವನ ರಕ್ತದಲ್ಲಿ ಹುಳು ಕಾಣದಿದ್ದರೂ ರೋಗ ತೀವ್ರ. ಪರೋಪಜೀವಿಯ ಸಂಖ್ಯೆಯಿಂದಲೇ ರೋಗದ ತೀವ್ರತೆಯನ್ನು ಅಳೆಯಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ದೊರೆಯುವುದು ಕಷ್ಟ.

ಅರಿವಿನ ಚರಿತ್ರೆ

ಈ ರೋಗವನ್ನು ಅರಿತ ಚರಿತ್ರೆಯ ಮುಖ್ಯ ಘಟ್ಟಗಳು ದಕ್ಷಿಣ ಭಾರತದಲ್ಲೇ ನಡೆದವು. ಕೋಲಾರ ಜಿಲ್ಲೆಯ ಗಡಿಗೆ ಹತ್ತಿರದ ಮದನಪಲ್ಲಿಯ ಆರೋಗ್ಯವರಂ ಕ್ಷಯಚಿಕಿತ್ಸಾಲಯದಲ್ಲಿ ವೈದ್ಯರಾಗಿದ್ದ ಫ್ರಿಮೋಟ್-ಮೊಲ್ಲರ್ ಅವರು ಬಾರ್ಟನ್ ಅವರೊಡನೆ 1940ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕ್ಷಯವನ್ನು ಹೋಲುವ ಆದರೆ ಕ್ಷಯವಲ್ಲದ, ಇಯೊಸಿನೋಫಿಲ್ ಏರಿಕೆಯಿಂದ ಕೂಡಿದ ಸ್ಥಿತಿಯನ್ನು ವರ್ಣಿಸಿದರು. 1943ರಲ್ಲಿ ವೈನ್‌ಗಾರ್ಟನ್ ಇದಕ್ಕೆ 'ಉಷ್ಣವಲಯದ ಇಯೊಸಿನೋಫಿಲಿಯ' ಎಂಬ ಹೆಸರಿಟ್ಟು, ಆರ್ಸೆನಿಕ್ ಬೆರೆತ ಔಷಧದಿಂದ ರೋಗಿಗಳು ಗುಣವಾದುದನ್ನು ವರದಿ ಮಾಡಿದರು. ಮದ್ದು ಸಿಕ್ಕಿತು, ಕಾರಣ ಸಿಗಲಿಲ್ಲ. 1960ರಲ್ಲಿ ವೆಲ್ಲೂರಿನ ವೆಬ್, ಜಾಬ್ ಮತ್ತು ಗಾಲ್ಟ್ ಎಂಬ ಸಂಶೋಧಕರು ರೋಗಿಗಳ ಶ್ವಾಸಕೋಶ, ಯಕೃತ್ತು ಮತ್ತು ದುಗ್ಧಗ್ರಂಥಿಗಳ ತುಣುಕುಗಳಲ್ಲಿ ಇಯೊಸಿನೋಫಿಲ್‌ಗಳಿಂದ ಆವೃತವಾದ ಮೈಕ್ರೋಫೈಲೇರಿಯಗಳನ್ನು ಕಂಡರು. ರಕ್ತದಲ್ಲಿ ಕಾಣದ ವೈರಿ ಅಂಗಾಂಶದಲ್ಲಿ ಸಿಕ್ಕಿತು.

ಔಷಧದ ಕಥೆಯಲ್ಲಿಯೂ ನೆರೆಯ ಆಂಧ್ರದ ಒಬ್ಬ ವಿಜ್ಞಾನಿಯ ಹೆಸರಿದೆ. ಭೀಮವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಗೆ ನಿರ್ದೇಶಕರಾಗಿದ್ದಾಗ, 1947ರಲ್ಲಿ, ಡೈಈಥೈಲ್‌ಕಾರ್ಬಮಝೀನ್ ಔಷಧವು ಫೈಲೇರಿಯ ಹುಳುಗಳ ಮೇಲೆ ಪರಿಣಾಮಕಾರಿಯೆಂದು ತಿಳಿದುಬಂತು. ಡಿಇಸಿ ಎಂಬ ಚಿಕ್ಕ ಹೆಸರಿನಿಂದ ಇದು ಪರಿಚಿತ. ಗಾಜಿನ ತಟ್ಟೆಯಲ್ಲಿರುವ ಮರಿಹುಳುವಿನ ಮೇಲೆ ಈ ಔಷಧ ಹೆಚ್ಚೇನೂ ಮಾಡದು. ದೇಹದೊಳಗೆ ರಕ್ತಕಣಗಳ ನೆರವಿನಿಂದಲೇ ಅದು ತನ್ನ ಕೆಲಸವನ್ನು ಸಾಧಿಸುತ್ತದೆ. ಶ್ವಾಸಕೋಶದ ರೋಗಕ್ಕೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸುಮಾರು ಮೂರು ವಾರ ಇದನ್ನು ಕೊಡುತ್ತಾರೆ. ಬಹುಪಾಲು ರೋಗಿಗಳ ಕೆಮ್ಮು ಬೇಗನೆ ಇಳಿಯುತ್ತದೆ. ಆದರೆ ಮದರಾಸಿನ ಕ್ಷಯ ಸಂಶೋಧನಾ ಕೇಂದ್ರದ ವಿ.ಕೆ. ವಿಜಯನ್ ಅವರೂ ಅಮೆರಿಕದ ಸಂಶೋಧಕರೂ ಸೇರಿ 1990ರಲ್ಲಿ ಪ್ರಕಟಿಸಿದ ಅಧ್ಯಯನವು, ಚಿಕಿತ್ಸೆಯ ನಂತರವೂ ಕೆಲವರ ಶ್ವಾಸಕೋಶದಲ್ಲಿ ಸೌಮ್ಯ ಉರಿಯೂತ ಉಳಿಯುವುದನ್ನು ತೋರಿಸಿತು. ಚಿಕಿತ್ಸೆ ತಡವಾದಷ್ಟೂ ಶ್ವಾಸಕೋಶ ನಾರುಗಟ್ಟುವ ಅಪಾಯ ಹೆಚ್ಚು. ಒಮ್ಮೆ ನಾರುಗಟ್ಟಿದ ಭಾಗ ಮೊದಲಿನಂತಾಗದು.

ತಪ್ಪು ಓದಿನ ಅಪಾಯಗಳು

ಈ ಹಿನ್ನೆಲೆಯಲ್ಲಿ ರಕ್ತವರದಿಯನ್ನು ತಪ್ಪಾಗಿ ಓದುವುದರ, ಅಥವಾ ಓದದೇ ಇರುವುದರ, ಅಪಾಯಗಳು ಸ್ಪಷ್ಟವಾಗುತ್ತವೆ. ಕ್ಷಯವೆಂದು ಭಾವಿಸಿದರೆ ತಿಂಗಳುಗಟ್ಟಲೆ ಬೇಡದ ಔಷಧ. ಅಸ್ತಮವೆಂದು ಭಾವಿಸಿದರೆ ಸ್ಟೆರಾಯ್ಡ್. ಸ್ಟೆರಾಯ್ಡ್ ಇಯೊಸಿನೋಫಿಲ್‌ಗಳ ಸಂಖ್ಯೆಯನ್ನು ಶೀಘ್ರವಾಗಿ ಇಳಿಸುತ್ತದೆ. ಕೆಮ್ಮೂ ಕೆಲಕಾಲ ತಗ್ಗಬಹುದು. ಆದರೆ ಹುಳು ಹಾಗೆಯೇ ಉಳಿದಿರುತ್ತದೆ, ಮತ್ತು ರೋಗವನ್ನು ಗುರುತಿಸಿಕೊಡಬೇಕಾದ ಅಂಕೆಯೇ ವರದಿಯಿಂದ ಮಾಯವಾಗಿರುತ್ತದೆ. ಸ್ಟ್ರಾಂಗಿಲಾಯ್ಡಿಸ್ ಎಂಬ ಕರುಳಿನ ಹುಳು ಇರುವವರಲ್ಲಿ ಈ ಅಪಾಯ ಪ್ರಾಣಾಂತಿಕ. ಬರಿಗಾಲಿನಿಂದ ನಡೆಯುವವರ ಚರ್ಮವನ್ನು ಹೊಕ್ಕು, ದೇಹದಲ್ಲೇ ಮರುಹುಟ್ಟು ಪಡೆಯುತ್ತ ದಶಕಗಳ ಕಾಲ ಉಳಿಯುವ ಈ ಹುಳು, ಸ್ಟೆರಾಯ್ಡ್‌ನಿಂದ ರಕ್ಷಣೆ ಕುಂದಿದಾಗ ಮಿತಿಮೀರಿ ವೃದ್ಧಿಸಿ ಎಲ್ಲ ಅಂಗಗಳಿಗೂ ಹರಡಬಲ್ಲುದು.

ಇದನ್ನು ತಪ್ಪಿಸಲು ವೈದ್ಯರು ಕೇಳಬೇಕಾದ ಒಂದು ಪ್ರಶ್ನೆ ಬಹು ಸರಳವಾದುದು: 'ನಿಮ್ಮ ಊರು ಯಾವುದು?' ಪುಣೆ ಆನೆಕಾಲು ರೋಗಕ್ಕೆ ಹೆಸರಾದ ಊರಲ್ಲ. ಆದರೆ ಸೊಲ್ಲಾಪುರ ಜಿಲ್ಲೆ ಆ ರೋಗದ ನೆಲೆ. ಕರ್ನಾಟಕದಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಜಿಲ್ಲೆಗಳೂ ಕರಾವಳಿಯ ಮೂರು ಜಿಲ್ಲೆಗಳೂ ಅದರ ಪಟ್ಟಿಯಲ್ಲಿ ಸೇರಿದ್ದವು. ಹುಳು ಊರಿನಲ್ಲಿ ತಗುಲಿ, ವರ್ಷಗಳ ನಂತರ ದೂರದ ನಗರದಲ್ಲಿ ರೋಗವಾಗಿ ಪ್ರಕಟವಾಗಬಹುದು. ವಲಸೆ ಬಂದವನು ಊರನ್ನು ಬಿಟ್ಟಿರುತ್ತಾನೆ. ಅವನ ರಕ್ತ ಬಿಟ್ಟಿರುವುದಿಲ್ಲ.

ಸಮುದಾಯದ ಚಿಕಿತ್ಸೆ

ಭಾರತದಲ್ಲಿ ಫೈಲೇರಿಯ ನಿಯಂತ್ರಣ ಕಾರ್ಯಕ್ರಮ 1955ರಲ್ಲಿ ಆರಂಭವಾಯಿತು. 2004ರಿಂದ ರೋಗಪೀಡಿತ ಜಿಲ್ಲೆಗಳ ಎಲ್ಲ ಅರ್ಹರಿಗೂ ವರ್ಷಕ್ಕೊಮ್ಮೆ ಗುಳಿಗೆ ನೀಡುವ ಸಾಮೂಹಿಕ ಔಷಧ ವಿತರಣೆ ವ್ಯಾಪಕವಾಗಿ ಜಾರಿಗೆ ಬಂತು. ಡಿಇಸಿ ಮತ್ತು ಆಲ್ಬೆಂಡಝೋಲ್ ಜೊತೆಗೆ ಐವರ್ಮೆಕ್ಟಿನ್ ಸೇರಿಸಿದ ಮೂರು ಔಷಧಗಳ ಕ್ರಮದ ಸುರಕ್ಷತೆಯನ್ನು ಭಾರತದಲ್ಲಿ ಪರೀಕ್ಷಿಸಿದ ಸಮುದಾಯ ಅಧ್ಯಯನ ನಡೆದದ್ದು ಯಾದಗಿರಿ ಜಿಲ್ಲೆಯಲ್ಲಿ. 2018ರಿಂದೀಚೆಗೆ ಆ ಕ್ರಮ ಆಯ್ದ ಜಿಲ್ಲೆಗಳಲ್ಲಿ ಜಾರಿಗೆ ಬಂತು.

ಗುಳಿಗೆ ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು, ತಲೆಸುತ್ತು ಬರುವುದುಂಟು. 'ಆರೋಗ್ಯವಾಗಿದ್ದವರಿಗೆ ಗುಳಿಗೆ ಕೊಟ್ಟು ಕಾಯಿಲೆ ಮಾಡಿದರು' ಎಂಬ ಮಾತು ಹುಟ್ಟುವುದು ಇಲ್ಲಿಯೇ. ಬಿಳಿ ರಕ್ತಕಣಗಳ ವರ್ತನೆಯನ್ನು ಬಲ್ಲವರಿಗೆ ಇದರ ಅರ್ಥ ಬೇರೆ. ಮೌನ ಸೋಂಕಿರುವವನ ದೇಹದಲ್ಲಿ ಮರಿಗಳು ಒಮ್ಮೆಗೇ ಸಾಯುತ್ತವೆ. ಅವುಗಳ ಅವಶೇಷಗಳು ಅದುವರೆಗೆ ತಣ್ಣಗಿದ್ದ ಕಣಗಳನ್ನು ಎಬ್ಬಿಸುತ್ತವೆ. ಹೆಚ್ಚಿನವರಲ್ಲಿ ಒಂದೆರಡು ದಿನಗಳಲ್ಲಿ ಇಳಿಯುವ ಆ ಜ್ವರ ಬಹುಮಟ್ಟಿಗೆ ಅಡಗಿದ್ದ ಸೋಂಕಿನ ಸಾಕ್ಷಿ. ತೊಂದರೆ ಹೆಚ್ಚಾದರೆ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಬೇಕು, ನಿಜ. ಆದರೆ ಮುಂದಿನ ವರ್ಷ ಗುಳಿಗೆಯನ್ನು ನಿರಾಕರಿಸಲು ಅದು ಕಾರಣವಾಗಬೇಕಿಲ್ಲ. ಈ ಒಂದು ವಿವರಣೆ ಜನರ ಮಾತಿನಲ್ಲಿ ಅವರಿಗೆ ತಲುಪಿದೆಯೇ ಇಲ್ಲವೇ ಎಂಬುದರ ಮೇಲೆ ಕಾರ್ಯಕ್ರಮದ ಯಶಸ್ಸು ನಿಂತಿದೆ.

ಈಗಾಗಲೇ ಕಾಲು ಊದಿದವರಿಗೂ ಮಾಡಬಹುದಾದುದಿದೆ. ದಿನವೂ ಸಾಬೂನು ನೀರಿನಿಂದ ಕಾಲು ತೊಳೆದು, ಬೆರಳಸಂದಿಗಳನ್ನು ಒಣಗಿಸಿ, ಬಿರುಕುಗಳಿಗೆ ಮದ್ದು ಹಚ್ಚಿದರೆ ಬ್ಯಾಕ್ಟೀರಿಯ ಹೊಗುವ ದಾರಿ ಮುಚ್ಚುತ್ತದೆ. ನ್ಯೂಟ್ರೋಫಿಲ್‌ಗಳು ಪದೇ ಪದೇ ಕೆರಳುವ ಪ್ರಸಂಗ ಕಡಿಮೆಯಾಗುತ್ತದೆ. ಊತದ ಏರುಗತಿ ನಿಲ್ಲುತ್ತದೆ. ಕಾಸರಗೋಡಿನ ಅನ್ವಯಿಕ ಚರ್ಮರೋಗ ಸಂಸ್ಥೆಯು ಇಂಥ ಪಾದೋಪಚಾರವನ್ನು ಯೋಗ, ಆಯುರ್ವೇದ ಮತ್ತು ಆಧುನಿಕ ವೈದ್ಯದೊಡನೆ ಜೋಡಿಸಿದ ಚಿಕಿತ್ಸಾಕ್ರಮವನ್ನು ರೂಪಿಸಿ, ಅದನ್ನು ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿಯೂ ಪ್ರಯೋಗಕ್ಕೆ ತಂದಿತು.

ಉಪಸಂಹಾರ

ಬಿಳಿ ರಕ್ತಕಣಗಳನ್ನು 'ದೇಹದ ಸೈನಿಕರು' ಎಂದು ಪಠ್ಯಪುಸ್ತಕಗಳು ಕರೆಯುತ್ತವೆ. ಮೇಲಿನ ವಿವೇಚನೆಯಿಂದ ಆ ರೂಪಕದ ಮಿತಿ ತಿಳಿಯುತ್ತದೆ. ದೀರ್ಘಕಾಲದ ಹುಳುಬಾಧೆಯಲ್ಲಿ ಅವು ಯುದ್ಧ ಮಾಡುವಷ್ಟೇ ಸಂಧಿಯನ್ನೂ ಮಾಡುತ್ತವೆ. ಸಂಧಿ ಅತಿಯಾದರೆ ಪರೋಪಜೀವಿಗೆ ಲಾಭ, ಯುದ್ಧ ಅತಿಯಾದರೆ ದೇಹಕ್ಕೆ ನಷ್ಟ. ಆರೋಗ್ಯವೆಂಬುದು ಇವೆರಡರ ನಡುವಣ ಹದ.

ಸದಾಶಿವ ಪೇಠೆಯ ಆ ತರುಣನ ವರದಿಯಲ್ಲಿದ್ದ ಶೇಕಡಾ 45 ಎಂಬ ಅಂಕೆ ಈ ಹದ ತಪ್ಪಿದುದರ ಸೂಚನೆ. ಅದನ್ನು ಸಕಾಲದಲ್ಲಿ ಓದಿ, ಅವನ ಊರನ್ನು ಕೇಳಿ, ಕಾರಣವನ್ನು ಖಚಿತಪಡಿಸಿಕೊಂಡರೆ ಮೂರು ವಾರದ ಗುಳಿಗೆಯಲ್ಲಿ ಅವನ ಇರುಳು ಮತ್ತೆ ನಿದ್ದೆಯ ಇರುಳಾಗಬಹುದು. ಓದದೆ ಬಿಟ್ಟರೆ, ಅವನನ್ನು ಕಾಯಲೆಂದು ಹುಟ್ಟಿದ ಕಣಗಳೇ ಅವನ ಉಸಿರಿನ ನೆಲೆಯನ್ನು ನಾರುಗಟ್ಟಿಸುತ್ತವೆ.